ಮನೆಯಂಗಳದಲ್ಲೇ ಹಳೇ ಯಮಹಾ ಎಬ್ಬಿಸುವುದು: ದಾವಣಗೆರೆ, ಚಿತ್ರದುರ್ಗದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳಿರುವುದೆಲ್ಲ ಯಮಹಾದ ಹಳೇ ಟು-ಸ್ಟ್ರೋಕ್ ಗಾಡಿಗಳಿಗೆ, ಅದರಲ್ಲೂ ಆರ್‌ಎಕ್ಸ್ 100ಕ್ಕೆ. ಆರ್‌ಎಕ್ಸ್ 135ಕ್ಕೂ ಬಹುಪಾಲು ಹೊಂದುತ್ತದೆ. ಆರ್‌ಡಿ 350ರ ಕೆಲಸ ಬೇರೆಯಾಗುವ ಕಡೆ ಅದನ್ನು ಬಿಡಿಸಿ ಹೇಳಿದ್ದೇವೆ. ಶುರುವಿನಲ್ಲೇ ಒಂದು ಮಾತು: ಇಂಜಿನ್ ಎಲ್ಲೂ ಗಾಳಿ ಎಳೆಯುತ್ತಿಲ್ಲ ಎಂದು ಖಾತ್ರಿಯಾಗುವ ತನಕ ಜೆಟ್ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತು), ಸೈಲೆನ್ಸರ್, ಪೋರ್ಟ್ (ಸಿಲಿಂಡರ್ ಗೋಡೆಯ ಕಿಂಡಿ) ಯಾವುದನ್ನೂ ಮುಟ್ಟಬೇಡಿ. ಕೆಳಗಿನ ಅರ್ಧ ಉತ್ತರಗಳು ಸುತ್ತಿ ಬಳಸಿ ಇದೇ ಮಾತಿಗೆ ಬಂದು ನಿಲ್ಲುತ್ತವೆ.

ಮೊದಲ ಸಲ ಕೈ ಹಾಕುತ್ತಿದ್ದೇನೆ. ಆರ್‌ಎಕ್ಸ್ 100 ತಗೊಳ್ಳಲೋ, ಆರ್‌ಡಿ 350 ತಗೊಳ್ಳಲೋ?

ಆರ್‌ಎಕ್ಸ್ 100 ತಗೊಳ್ಳಿ. 1985ರಿಂದ 1996ರವರೆಗೆ ಬಂದ ಗಾಡಿ. 98 ಸಿಸಿ, ಬೋರ್ 50 ಮಿ.ಮೀ., ಸ್ಟ್ರೋಕ್ ಕೂಡ 50 ಮಿ.ಮೀ., ಒಂದೇ ಸಿಲಿಂಡರ್, ನಾಲ್ಕು ಗೇರ್, 11 ಎಚ್‌ಪಿ. ಇಂಜಿನ್ ಇಳಿಸಲು ಒಬ್ಬರೇ ಸಾಕು. ಪಿಸ್ಟನ್ ಕಿಟ್, ಆಯಿಲ್ ಸೀಲ್, ಕ್ಲಚ್ ಪ್ಲೇಟ್, ಕೇಬಲ್ ಎಲ್ಲ ಇವತ್ತಿಗೂ ಸಿಗುತ್ತವೆ.

ರಾಜದೂತ್ ಹೆಸರಿನಲ್ಲಿ ಎಸ್ಕಾರ್ಟ್ಸ್‌ನವರು 1983ರಿಂದ ತಂದ ಆರ್‌ಡಿ 350 ಬೇರೆಯೇ ಮಟ್ಟದ ಯಂತ್ರ. 347 ಸಿಸಿ, ಎರಡು ಸಿಲಿಂಡರ್, ಆರು ಗೇರ್. ಹೈ ಟಾರ್ಕ್ ಮಾದರಿಗೆ 30.5 ಎಚ್‌ಪಿ, ಲೋ ಟಾರ್ಕ್‌ಗೆ 27. ಅದರ ಬಿಡಿಭಾಗಗಳನ್ನು ಹುಡುಕುವುದೇ ಒಂದು ಕೆಲಸ, ಒಂದು ಸಿಲಿಂಡರ್‌ನಲ್ಲಿ ಮಾಡಿದ ತಪ್ಪು ಇನ್ನೊಂದನ್ನೂ ಕೆಡಿಸುತ್ತದೆ. ಒಂದು ಆರ್‌ಎಕ್ಸ್ ಅನ್ನು ಪೂರ್ತಿ ಬಿಚ್ಚಿ ಜೋಡಿಸಿ, ಅದು ಎರಡು ಸಾವಿರ ಕಿ.ಮೀ. ತೊಂದರೆಯಿಲ್ಲದೆ ಓಡಿದ ಮೇಲೆ ಆರ್‌ಡಿ ಕಡೆ ನೋಡಿ.

ಕೊಳ್ಳುವಾಗ ಮೊದಲು ಏನು ನೋಡಬೇಕು?

ನಂಬರ್. ಇಂಜಿನ್ ಆಮೇಲೆ. ಹ್ಯಾಂಡಲ್ ಕೂರುವ ಕುತ್ತಿಗೆಯ ಪಕ್ಕ ಚಾಸಿ ನಂಬರ್, ಕ್ರ್ಯಾಂಕ್‌ಕೇಸ್ ಮೇಲೆ ಇಂಜಿನ್ ನಂಬರ್ ಇರುತ್ತವೆ. ಆರ್‌ಎಕ್ಸ್ 100ರ ನಂಬರ್ 1ಎಲ್1 ಎಂದು ಶುರುವಾಗುತ್ತದೆ. ಸೀಮೆಎಣ್ಣೆ ಹಾಕಿ ಜಿಡ್ಡು ಒರೆಸಿ, ಟಾರ್ಚನ್ನು ಅಡ್ಡ ಹಿಡಿದು ನೋಡಿ. ಅಕ್ಷರಗಳ ಸುತ್ತಲಿನ ಲೋಹ ಎರಕದ ಒರಟಿನಲ್ಲೇ ಇರಬೇಕು. ಅಲ್ಲಿ ಮಾತ್ರ ನುಣುಪಾಗಿ ಗ್ರೈಂಡರ್ ಗೆರೆ ಕಂಡರೆ, ಅಕ್ಷರಗಳು ಓರೆಕೋರೆಯಾಗಿದ್ದರೆ, ಗಾಡಿ ಎಷ್ಟೇ ಚೆಂದ ಇರಲಿ, ಬಿಟ್ಟು ಬನ್ನಿ. ಎರಡೂ ನಂಬರ್ ಆರ್‌ಸಿ ಜೊತೆ ತಾಳೆಯಾಗಬೇಕು.

ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್‌ನಲ್ಲಿ. ಆರ್‌ಎಕ್ಸ್ 100 ತಯಾರಿಕೆ ಅದಕ್ಕೂ ಮುಂಚೆಯೇ ನಿಂತಿತ್ತು. ಹಾಗಾಗಿ ಊರಿನ ಗಾಡಿಯ ಮೂಲ ಕಾಗದದಲ್ಲಿ ದಾವಣಗೆರೆ, ಚಿತ್ರದುರ್ಗ ಜಿಲ್ಲೆ ಎಂದಿದ್ದರೆ ಗಾಬರಿಯಾಗಬೇಡಿ, ಅದೇ ಸರಿ.

ಆಮೇಲೆ ಇಂಜಿನ್. ಕಿಕ್ಕರ್ ಕೈಯಲ್ಲಿ ನಿಧಾನಕ್ಕೆ ಒತ್ತಿ. ಕಂಪ್ರೆಷನ್ ಬಂದಲ್ಲಿ ಎದುರು ಒತ್ತಡ ಗಟ್ಟಿಯಾಗಿ ಸಿಗಬೇಕು. ಪ್ಲಗ್ ಬಿಚ್ಚಿ, ಕ್ರ್ಯಾಂಕ್‌ನ ಎಡ ತುದಿಯಲ್ಲಿ ಕೂರುವ ಮ್ಯಾಗ್ನೆಟ್ ಚಕ್ರ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ: ಟಕ್ ಅಂದರೆ ಮೇನ್ ಬೇರಿಂಗ್ ಹೋಗಿದೆ. ಫಿನ್ ಮುರಿದಿದ್ದರೆ, ಟ್ಯಾಂಕ್ ತುಕ್ಕಾಗಿದ್ದರೆ ಸರಿಪಡಿಸಬಹುದು. ಕ್ರ್ಯಾಂಕ್‌ಕೇಸ್ ಸೀಳಿದ್ದರೆ, ಚಾಸಿ ಸೊಟ್ಟಗಾಗಿದ್ದರೆ ಬೆಲೆ ಎಷ್ಟು ಕಮ್ಮಿ ಇದ್ದರೂ ಬೇಡ.

ಆರ್‌ಸಿ ಅವಧಿ ಮುಗಿದಿದೆ. ಏನು ಮಾಡಬೇಕು?

ನೋಂದಣಿ ಮೊದಲ 15 ವರ್ಷಕ್ಕೆ, ನಂತರ ಐದೈದು ವರ್ಷಕ್ಕೆ ನವೀಕರಣ. ಫಾರಂ 25 ಸಲ್ಲಿಸಿ ಗಾಡಿಯನ್ನು ತಪಾಸಣೆಗೆ ಒಡ್ಡಬೇಕು, ಹಸಿರು ತೆರಿಗೆ ಕಟ್ಟಬೇಕು. ಕೆಎ 16ರ ಗಾಡಿ ಕೆಎ 17ಕ್ಕೆ ಬರುವುದಿದ್ದರೂ, ಹೊರ ಜಿಲ್ಲೆಯಿಂದ ಬಂದರೂ ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ಹೊರ ರಾಜ್ಯದ್ದಾದರೆ ಮೊದಲು ಫಾರಂ 28ರ ಎನ್‌ಒಸಿ. ಇದನ್ನೆಲ್ಲ ಗಾಡಿ ಬಿಚ್ಚುವ ಮೊದಲು ವಿಚಾರಿಸಿಕೊಳ್ಳಿ. ಬಣ್ಣ ಹೊಡೆಸಿ ಮುಗಿದ ಮೇಲೆ ಕಾಗದ ಆಗುವುದಿಲ್ಲ ಎಂದು ಗೊತ್ತಾದರೆ ಹಾಕಿದ ದುಡ್ಡೆಲ್ಲ ನೀರುಪಾಲು.

ವಿಂಟೇಜ್ ನೋಂದಣಿ ಆಗುತ್ತದಾ ಎಂದು ಬಹಳ ಜನ ಕೇಳುತ್ತಾರೆ. ಅದು 50 ವರ್ಷ ದಾಟಿದ ಗಾಡಿಗಳಿಗೆ. ಆರ್‌ಎಕ್ಸ್‌ಗೆ ಇನ್ನೂ ಆ ವಯಸ್ಸಾಗಿಲ್ಲ.

ಹೊಗೆ ತಪಾಸಣೆಯಲ್ಲಿ 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರಗಳಿಗೆ ಕಾರ್ಬನ್ ಮಾನಾಕ್ಸೈಡ್ ಶೇ. 4.5, ಹೈಡ್ರೋಕಾರ್ಬನ್ 9000 ಪಿಪಿಎಂ ಮಿತಿ. ಸರಿಯಾಗಿ ಟ್ಯೂನ್ ಆದ ಗಾಡಿಗೆ ಇದು ಕಷ್ಟವಲ್ಲ. ಮಸಿ ಕಟ್ಟಿದ ಸೈಲೆನ್ಸರ್, ಅಳತೆ ತಪ್ಪಿ ಟೂಟಿ ಎಣ್ಣೆ (ಪೆಟ್ರೋಲ್ ಜೊತೆ ಉರಿಯುವ ಟು-ಸ್ಟ್ರೋಕ್ ಎಣ್ಣೆ, 2ಟಿ) ಸುರಿದ ಪೆಟ್ರೋಲ್, ಈ ಎರಡೇ ಸಾಮಾನ್ಯವಾಗಿ ಫೇಲ್ ಮಾಡಿಸುವುದು.

ಯಾವ ಟೂಲ್ ಇಲ್ಲದೆ ಶುರು ಮಾಡಲೇಬಾರದು?

ಪಾನಾ ಸೆಟ್ ಎಲ್ಲರ ಹತ್ತಿರ ಇರುತ್ತದೆ. ಇಲ್ಲದಿರುವುದು ಈ ನಾಲ್ಕು: ಇಂಪ್ಯಾಕ್ಟ್ ಡ್ರೈವರ್, ಆರ್‌ಎಕ್ಸ್‌ನ ಮ್ಯಾಗ್ನೆಟ್ ಪುಲ್ಲರ್, ಫೀಲರ್ ಗೇಜ್, ಜಪಾನ್ ಅಳತೆಯ ಸ್ಟಾರ್ ಬಿಟ್.

ಕೊನೆಯದನ್ನು ಯಾರೂ ಹೇಳುವುದಿಲ್ಲ. ಹಳೇ ಯಮಹಾದ ಕ್ಲಚ್ ಕವರ್, ಮ್ಯಾಗ್ನೆಟ್ ಕವರ್ ಸ್ಕ್ರೂಗಳ ತಲೆ ನೋಡಿ. ಸ್ಟಾರ್ ಗುರುತಿನ ಪಕ್ಕದಲ್ಲಿ ಸಣ್ಣದೊಂದು ಚುಕ್ಕೆ ಒತ್ತಿದ್ದರೆ ಅದು ಜಪಾನ್ ಅಳತೆಯದು. ನಮ್ಮ ಅಂಗಡಿಗಳಲ್ಲಿ ಸಿಗುವ ಮಾಮೂಲಿ ಸ್ಟಾರ್ ಡ್ರೈವರ್ ತುದಿ ಅದರ ತಳ ಮುಟ್ಟುವುದಿಲ್ಲ. ಜೋರಾಗಿ ತಿರುಗಿಸಿದರೆ ಜಾರಿ ಎದ್ದು ತಲೆ ಸವೆದು ಗುಂಡಗಾಗುತ್ತದೆ, ಆಮೇಲೆ ಡ್ರಿಲ್ಲೇ ಗತಿ. ಸರಿಯಾದ ಬಿಟ್ ಸಿಗದಿದ್ದರೆ ಮಾಮೂಲಿ ಬಿಟ್‌ನ ತುದಿಯನ್ನು ಅರ್ಧ ಮಿ.ಮೀ. ಗ್ರೈಂಡ್ ಮಾಡಿ ಬಳಸಿ. ಹಿಂದಿನ ದಿನ ರಾತ್ರಿಯೇ ಸ್ಕ್ರೂಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಬೆಳಿಗ್ಗೆ ಇಂಪ್ಯಾಕ್ಟ್ ಡ್ರೈವರ್ ಇಟ್ಟು ಸುತ್ತಿಗೆಯಿಂದ ಒಂದೇ ಗಟ್ಟಿ ಏಟು ಹಾಕಿ.

ಮ್ಯಾಗ್ನೆಟ್ ಅನ್ನು ಸುತ್ತಿಗೆಯಿಂದ ಬಡಿದು ತೆಗೆಯುವುದನ್ನು ನೋಡಿರುತ್ತೀರಿ. ಬಡಿದರೆ ಕ್ರ್ಯಾಂಕ್ ಸೊಟ್ಟಗಾಗುತ್ತದೆ. ಪುಲ್ಲರ್ ಅದರ ಮುಂದೆ ತೀರಾ ಅಗ್ಗ.

ಪಿಸ್ಟನ್ ಮೇಲೆ ಗೀರು ಬಿದ್ದಿದೆ. ಹೊಸ ಪಿಸ್ಟನ್ ಹಾಕಿದರೆ ಸಾಕಾ?

ಗೀರು ಎಲ್ಲಿ ಬಿದ್ದಿದೆ ಎಂದು ಓದದೆ ಹೊಸ ಪಿಸ್ಟನ್ ಹಾಕಿದರೆ ಅದಕ್ಕೂ ಅದೇ ಗತಿ. ಪಿಸ್ಟನ್ ಹೊರ ತೆಗೆದು, ಪೆಟ್ರೋಲ್ ಹಾಕಿ ಒರೆಸದೆ, ಹೊರಗೆ ಬೆಳಕಿನಲ್ಲಿ ತಿರುಗಿಸಿ ನೋಡಿ. ತಲೆಯ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆ.

ಬಾಣದ ಕಡೆ ಮಾತ್ರ ಮೇಲಿಂದ ಕೆಳಕ್ಕೆ ಗೀರಿದ್ದರೆ, ಅಲ್ಯೂಮಿನಿಯಂ ಕರಗಿ ಮೆತ್ತಿಕೊಂಡಂತೆ ರಿಂಗ್ ಅದರೊಳಗೆ ಹೂತಿದ್ದರೆ, ಇಂಜಿನ್ ಬಿಸಿಯಾಗಿದೆ. ಗಾಳಿ ಎಳೆದು ಮಿಶ್ರಣ ತೆಳುವಾಗಿದೆ, ಇಲ್ಲವೇ ಎಣ್ಣೆ ಬಂದಿಲ್ಲ. ಸುತ್ತ ನಾಲ್ಕು ಕಡೆ ಸಮ ಅಂತರದಲ್ಲಿ ಉದ್ದನೆ ಪಟ್ಟೆಗಳಿದ್ದರೆ ಬೋರ್ ಬಿಗಿಯಾಗಿದೆ, ಅಥವಾ ತಣ್ಣಗಿರುವ ಇಂಜಿನ್ ಅನ್ನು ಸ್ಟಾರ್ಟ್ ಆದ ಕೂಡಲೇ ಜೋರಾಗಿ ಓಡಿಸಿದ್ದಾರೆ. ಪಿಸ್ಟನ್ ಬಿಸಿಗೆ ಬೇಗ ಹಿಗ್ಗುತ್ತದೆ, ಬ್ಲಾಕ್ (ಸಿಲಿಂಡರ್) ನಿಧಾನಕ್ಕೆ. ಕಾರ್ಬುರೇಟರ್ ಕಡೆಯ ಮೈ ಮಾತ್ರ ಮಾಸಿದ ಬೂದು ಬಣ್ಣಕ್ಕೆ ತಿರುಗಿ ಮರಳು ಕಾಗದ ಉಜ್ಜಿದಂತಿದ್ದರೆ ಧೂಳು ಒಳಗೆ ಹೋಗಿದೆ. ನಮ್ಮ ಬಯಲು ಸೀಮೆಯ ರಸ್ತೆಗಳಲ್ಲಿ ಏರ್ ಫಿಲ್ಟರ್ ತೆಗೆದು ಓಡಿಸಿದ ಗಾಡಿಗಳಲ್ಲಿ ಇದು ಖಚಿತ. ತಲೆಯ ಅಂಚು ಇಲಿ ಕಡಿದಂತೆ ಗುಳಿ ಗುಳಿಯಾಗಿದ್ದರೆ ಕಟಕಟ ಬಡಿತ ಇದ್ದೂ ಓಡಿಸಿದ್ದಾರೆ ಎಂದರ್ಥ.

ಬೋರ್ ಮಾಡಿಸುವಾಗ ಲೇತ್‌ನವರಿಗೆ ಏನು ಹೇಳಬೇಕು?

ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್‌ನವರು ದಶಕಗಳ ಕಾಲ ಲೇತ್ ತಯಾರಿಸಿದ್ದರಿಂದ ಈ ಭಾಗಕ್ಕೆ ಲೇತ್ ಕೆಲಸ ಹೊಸದಲ್ಲ. ಆದರೆ ಟು-ಸ್ಟ್ರೋಕ್ ಬ್ಲಾಕ್‌ಗೆ ಪೋರ್ಟ್‌ಗಳಿರುತ್ತವೆ ಎನ್ನುವುದನ್ನು ನೆನಪಿಟ್ಟು ಕೆಲಸ ಮಾಡುವವರನ್ನು ಹುಡುಕಬೇಕು.

ಪಿಸ್ಟನ್ ಮೊದಲು ಕೊಳ್ಳಿ, ಬೋರ್ ಆಮೇಲೆ ಮಾಡಿಸಿ. ಸ್ಟ್ಯಾಂಡರ್ಡ್ 50 ಮಿ.ಮೀ. ಆದ ಮೇಲೆ 50.25, 50.50, 50.75, 51.00 ಹೀಗೆ ಓವರ್‌ಸೈಜ್ ಬರುತ್ತವೆ. ಡಬ್ಬಿಯ ಮೇಲೆ 0.50 ಎಂದಿದ್ದ ಮಾತ್ರಕ್ಕೆ ನಂಬಿ ಬೋರ್ ಮಾಡಬಾರದು. ಪಿಸ್ಟನ್ ಅನ್ನೇ ಮೈಕ್ರೋಮೀಟರ್‌ನಲ್ಲಿ ಅಳೆಯಬೇಕು. ಅಳೆಯುವ ಜಾಗ: ಕೆಳ ಅಂಚಿನಿಂದ ಸುಮಾರು 10 ಮಿ.ಮೀ. ಮೇಲೆ, ಪಿನ್‌ಗೆ ಅಡ್ಡಲಾಗಿ. ಆ ಅಳತೆಗೆ ಕಿಟ್‌ನವರು ಹೇಳಿದ ಗ್ಯಾಪ್ ಸೇರಿಸಿ ಬೋರ್. ಈ ಗಾತ್ರದ ಗಾಳಿ ತಂಪಿನ ಇಂಜಿನ್‌ಗೆ ಅದು 0.04 ಮಿ.ಮೀ. ಆಸುಪಾಸು. ಟೈಟಾಗಿದ್ದರೆ ಪಿಕಪ್ ಚೆನ್ನಾಗಿರುತ್ತದೆ ಎನ್ನುವ ಮಾತಿಗೆ ಕಿವಿಗೊಡಬೇಡಿ, ಏಪ್ರಿಲ್ ಬಿಸಿಲಲ್ಲಿ ಮೊದಲು ಜಾಮ್ ಆಗುವುದು ಅಂಥ ಇಂಜಿನ್ನೇ.

ಬೋರ್ ಆದ ಮೇಲೆ ಹೋನಿಂಗ್ (ಸಾಣೆಕಲ್ಲಿನಿಂದ ಒಳಮೈ ಉಜ್ಜುವುದು) ಗೆರೆಗಳು ಒಂದರ ಮೇಲೊಂದು ಓರೆಯಾಗಿ ಹಾಯ್ದಿರಬೇಕು. ಪೋರ್ಟ್‌ಗಳ ಅಂಚನ್ನು ಉಗುರಿನಿಂದ ಸವರಿ. ಉಗುರು ಸಿಕ್ಕಿಕೊಂಡರೆ ನಾಳೆ ರಿಂಗೂ ಸಿಕ್ಕಿಕೊಂಡು ಮುರಿಯುತ್ತದೆ. ನುಣುಪು ಎಮರಿ ಕಾಗದದಿಂದ ಆ ಚೂಪು ಮುರಿಯಿರಿ, ಅರ್ಧ ಮಿ.ಮೀ. ಸಾಕು. ಆಮೇಲೆ ಬ್ಲಾಕನ್ನು ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಬ್ರಷ್ ಹಾಕಿ ತೊಳೆಯಬೇಕು. ಪೆಟ್ರೋಲ್‌ನಲ್ಲಿ ತೊಳೆದರೆ ಹೋನಿಂಗ್ ಪುಡಿ ಗೆರೆಗಳಲ್ಲೇ ಉಳಿಯುತ್ತದೆ. ಬಿಳಿ ಬಟ್ಟೆ ಒಳಗೆ ಆಡಿಸಿದರೆ ಬೆಳ್ಳಗೇ ಬರುವ ತನಕ ತೊಳೆದು, ಒಣಗಿದ ಕ್ಷಣವೇ ಟೂಟಿ ಎಣ್ಣೆ ಸವರಿ. ಹತ್ತು ನಿಮಿಷ ಬಿಟ್ಟರೂ ಕೆಂಪು ತುಕ್ಕು ಏಳುತ್ತದೆ.

ರಿಂಗನ್ನು ಪಿಸ್ಟನ್ ತಲೆಯಿಂದಲೇ ಬೋರಿನೊಳಗೆ 20 ಮಿ.ಮೀ. ತಳ್ಳಿ ಬಾಯಿಯ ಗ್ಯಾಪ್ ಅಳೆಯಿರಿ, 0.15ರಿಂದ 0.35 ಮಿ.ಮೀ. ಒಳಗೆ ಇರಲಿ. ಜೋಡಿಸುವಾಗ ರಿಂಗಿನ ಬಾಯಿ ಗ್ರೂವ್‌ನ ಸಣ್ಣ ಪಿನ್ನಿಗೇ ಕೂರಬೇಕು. ಪಿನ್ ಲಾಕ್‌ಗಳು ಪ್ರತಿ ಸಲವೂ ಹೊಸವೇ.

ಇಂಜಿನ್ ಗಾಳಿ ಎಳೆಯುತ್ತಿದೆಯಾ ಎಂದು ಮನೆಯಲ್ಲಿ ಹೇಗೆ ನೋಡುವುದು?

ಇದು ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ. ಟು-ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸ್ ಒಳಗೆ ಬಂದು, ಅಲ್ಲಿಂದ ಮೇಲೆ ಹೋಗುತ್ತದೆ. ಕ್ರ್ಯಾಂಕ್‌ನ ಎಡಗಡೆ, ಮ್ಯಾಗ್ನೆಟ್ ಹಿಂದಿರುವ ಆಯಿಲ್ ಸೀಲ್ ಒಣಗಿ ಗಟ್ಟಿಯಾದರೆ ಅಲ್ಲಿಂದ ಗಾಳಿ ನುಗ್ಗುತ್ತದೆ. ಆ ಗಾಳಿ ಕಾರ್ಬುರೇಟರ್ ದಾಟಿ ಬಂದದ್ದಲ್ಲ, ಅದಕ್ಕೆ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ. ಗಾಡಿ ಆಗ ಇನ್ನೂ ಚುರುಕಾಗಿ ಓಡಿದಂತೆ ಕಾಣುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ಇಳಿಯದೆ ಕೂಗುತ್ತಿರುತ್ತದೆ. ನಂತರ ಸೀಜ್, ಅಂದರೆ ಪಿಸ್ಟನ್ ಬೋರಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಬೇಕಾದ ಉಪಕರಣ ಔಷಧಿ ಅಂಗಡಿಯಲ್ಲೇ ಸಿಗುತ್ತದೆ: ಕೈಯಲ್ಲಿ ಒತ್ತುವ ಬಲೂನಿನ, ಮುಳ್ಳಿನ ಡಯಲ್ ಇರುವ ಬಿಪಿ ನೋಡುವ ಯಂತ್ರ. ಅದರ 300 ಅಂದರೆ ಸುಮಾರು 5.8 ಪಿಎಸ್‌ಐ. ನಮಗೆ ಬೇಕಾದ್ದೂ ಅಷ್ಟೇ.

ಕಾರ್ಬುರೇಟರ್, ಸೈಲೆನ್ಸರ್, ಮ್ಯಾಗ್ನೆಟ್ ಬಿಚ್ಚಿ. ಸೈಲೆನ್ಸರ್ ಬಾಯಿಗೆ ಹಳೇ ಟ್ಯೂಬಿನ ದಪ್ಪ ರಬ್ಬರ್ ಇಟ್ಟು ಮೇಲೊಂದು ಕಬ್ಬಿಣದ ತಗಡು ಹಾಕಿ ಬಿಗಿಯಿರಿ. ಕಾರ್ಬುರೇಟರ್ ಕೂರುವ ರಬ್ಬರ್ ಬಾಯಿಗೆ ಮರದ ಅಥವಾ ನೈಲಾನ್ ಬಿರಡೆ ಲೇತ್‌ನಲ್ಲಿ ತಿರುಗಿಸಿ, ನಡುವೆ ತೂತು ಕೊರೆದು, ಬಿಪಿ ಯಂತ್ರದ ಪೈಪ್ ಅದಕ್ಕೆ ಸೇರಿಸಿ ಕ್ಲಿಪ್ ಹಾಕಿ. ಟೂಟಿ ಪೈಪ್ ಬಾಯಿ ಮುಚ್ಚಿ, ಪ್ಲಗ್ ಬಿಗಿಯಿರಿ. ಪಿಸ್ಟನ್ ಪೂರ್ತಿ ಕೆಳಗಿರಲಿ, ಪೋರ್ಟ್‌ಗಳು ತೆರೆದು ಮೇಲೂ ಕೆಳಗೂ ಒಂದೇ ಕೋಣೆಯಾಗುತ್ತದೆ. ಕಾರ್ಬುರೇಟರ್ ಮತ್ತು ಇಂಜಿನ್ ನಡುವಿನ ತೆಳು ಎಲೆಗಳ ರೀಡ್ ವಾಲ್ವ್ ಒಳಮುಖವಾಗಿ ತೆರೆಯುವುದರಿಂದ ಗಾಳಿ ಸಲೀಸಾಗಿ ಒಳಗೆ ಹೋಗುತ್ತದೆ.

ನಿಧಾನಕ್ಕೆ 280ರಿಂದ 300ಕ್ಕೆ ಏರಿಸಿ ನಿಲ್ಲಿಸಿ. ಮುಳ್ಳು ನಿಮಿಷಕ್ಕೆ 50ಕ್ಕಿಂತ ಹೆಚ್ಚು ಇಳಿಯಬಾರದು. ಚೆನ್ನಾಗಿ ಜೋಡಿಸಿದ ಇಂಜಿನ್‌ನಲ್ಲಿ ಅದು ಇಳಿಯುವುದು ಕಣ್ಣಿಗೇ ಕಾಣುವುದಿಲ್ಲ. ಇಳಿದರೆ ಸೋಪು ನೀರು ಹಚ್ಚಿ ಗುಳ್ಳೆ ಹುಡುಕಿ: ಮೊದಲು ನೀವೇ ಮಾಡಿದ ಬಿರಡೆಗಳು, ಆಮೇಲೆ ಎಡ ಸೀಲ್, ಬ್ಲಾಕ್ ಕೆಳಗಿನ ಪ್ಯಾಕಿಂಗ್, ರೀಡ್ ಬ್ಲಾಕ್ ತಳ, ಕ್ರ್ಯಾಂಕ್‌ಕೇಸ್ ಜೋಡಣೆಯ ಗೆರೆ, ಹೆಡ್, ಪ್ಲಗ್ ವೈಸರ್. ಎಲ್ಲೂ ಗುಳ್ಳೆ ಕಾಣದೆ ಮುಳ್ಳು ಇಳಿಯುತ್ತಿದ್ದರೆ ಬಲಗಡೆ, ಕ್ಲಚ್ ಕಡೆಯ ಸೀಲ್ ಹೋಗಿದೆ. ಗೇರ್ ಆಯಿಲ್ ಹಾಕುವ ಬಾಯಿಗೆ ಸೋಪಿನ ಪೊರೆ ಹಿಡಿದರೆ ಅದು ಉಬ್ಬುತ್ತದೆ.

ಸೈಕಲ್ ಪಂಪ್, ಕಂಪ್ರೆಸರ್ ಹಚ್ಚಬೇಡಿ. ಒತ್ತಡ ಹೆಚ್ಚಾಗಿ ಚೆನ್ನಾಗಿರುವ ಸೀಲ್ ಕೂಡ ಜಾಗ ಬಿಟ್ಟು ಎದ್ದು ಬರುತ್ತದೆ.

ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲುತ್ತಲೇ ಇಲ್ಲ. ಟೂಟಿ ಎಣ್ಣೆ ಕಮ್ಮಿ ಮಾಡಲಾ?

ಬೇಡ. ಗೇರ್ ಆಯಿಲ್ ಮಟ್ಟ ನೋಡಿ. ಅದು ಕಮ್ಮಿಯಾಗುತ್ತಿದ್ದರೆ ಬಲ ಸೀಲ್ ಮೂಲಕ ಇಂಜಿನ್ ಅದನ್ನು ಕುಡಿಯುತ್ತಿದೆ. ಹೊಗೆಯ ವಾಸನೆಯೂ ಬೇರೆ, ಸುಟ್ಟ ಇಂಜಿನ್ ಆಯಿಲ್‌ದು. ಮಟ್ಟ ಸರಿಯಿದ್ದರೆ ಹಳೇ ಸೈಲೆನ್ಸರ್‌ನಲ್ಲಿ ಕೂತ ಎಣ್ಣೆ ಉರಿಯುತ್ತಿರಬಹುದು, 40–50 ಕಿ.ಮೀ. ಓಡಿದರೆ ನಿಲ್ಲುತ್ತದೆ.

ಆಟೋಲ್ಯೂಬ್ ಪಂಪ್ ತೆಗೆದು ಪೆಟ್ರೋಲ್‌ಗೇ ಎಣ್ಣೆ ಬೆರೆಸುವುದು ಒಳ್ಳೆಯದಾ?

ಆಟೋಲ್ಯೂಬ್ ಎಂದರೆ ಬೇರೆ ಟ್ಯಾಂಕಿನಿಂದ ಇಂಜಿನ್‌ಗೆ ಟೂಟಿ ಎಣ್ಣೆ ಕೊಡುವ ಪಂಪ್. ಅದು ಸರಿಯಿದ್ದರೆ ಇರಲಿ. ಅದು ಆಕ್ಸಿಲರೇಟರ್ ತಿರುಗಿದಷ್ಟಕ್ಕೆ ತಕ್ಕಂತೆ ಎಣ್ಣೆ ಕೊಡುತ್ತದೆ, ಕೈಯಲ್ಲಿ ಬೆರೆಸಿದ್ದು ಆ ಲೆಕ್ಕ ಹಾಕುವುದಿಲ್ಲ. ಪಂಪ್ ಕೆಟ್ಟಿತು ಎಂದು ತೆಗೆಸಿದ ಬಹುಪಾಲು ಗಾಡಿಗಳಲ್ಲಿ ನಿಜವಾಗಿ ಆಗಿರುವುದು ಪೈಪಿನಲ್ಲಿ ಗಾಳಿ ಕಟ್ಟಿಕೊಂಡಿರುವುದು, ಇಲ್ಲವೇ ಕೇಬಲ್ ಹೊಂದಿಕೆ ತಪ್ಪಿರುವುದು. ಎಣ್ಣೆ ಟ್ಯಾಂಕ್ ಒಮ್ಮೆ ಖಾಲಿಯಾದರೂ ಪಂಪಿನ ಬ್ಲೀಡ್ ಸ್ಕ್ರೂ ಬಿಚ್ಚಿ, ಗುಳ್ಳೆಯಿಲ್ಲದ ಎಣ್ಣೆ ಸುರಿಯುವ ತನಕ ಬಿಟ್ಟು ಮುಚ್ಚಬೇಕು. ನಂತರದ ಮೊದಲ ಒಂದು ಲೀಟರ್ ಪೆಟ್ರೋಲ್‌ಗೆ 25 ಮಿ.ಲೀ. ಎಣ್ಣೆ ಬೆರೆಸಿಯೇ ಓಡಿಸಿ. ಪೈಪಿನಲ್ಲಿ ಎಣ್ಣೆ ಇಂಜಿನ್ ತಲುಪುವ ತನಕ ಅದೇ ಕಾಪಾಡುವುದು.

ಪಂಪ್ ಗೇರ್ ನಿಜಕ್ಕೂ ಸವೆದಿದ್ದರೆ ಮಾತ್ರ ಮಿಶ್ರಣ: ಲೀಟರ್‌ಗೆ 40 ಮಿ.ಲೀ. ಟೂಟಿ ಎಣ್ಣೆ. ಅಳತೆಗೆ ಔಷಧಿ ಸಿರಿಂಜ್ ಇಟ್ಟುಕೊಳ್ಳಿ, ಮುಚ್ಚಳದ ಲೆಕ್ಕ ಬೇಡ.

ಇ20 ಪೆಟ್ರೋಲ್‌ಗೆ ಏನು ಬದಲಿಸಬೇಕು?

ಇ20 ಎಂದರೆ ಶೇ. 20ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲ್. ಎರಡು ವಿಷಯ. ಎಥನಾಲ್ ಹಳೇ ರಬ್ಬರನ್ನು ಊದಿಸಿ ಮೆತ್ತಗೆ ಮಾಡುತ್ತದೆ. ಪೆಟ್ರೋಲ್ ಪೈಪ್, ಕಾಕ್ ಒಳಗಿನ ವೈಸರ್, ಕಾರ್ಬುರೇಟರ್‌ನ ಓ-ರಿಂಗ್ ಎಲ್ಲ ಹೊಸದಾಗಿ ಎಥನಾಲ್ ತಡೆಯುವಂಥವನ್ನೇ ಹಾಕಿ. ಇನ್ನೊಂದು, ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಮೊದಲಿನ ಜೆಟ್‌ಗೆ ಮಿಶ್ರಣ ತೆಳುವಾಗುತ್ತದೆ. ಲೀಕ್ ಟೆಸ್ಟ್ ಪಾಸಾದ ಇಂಜಿನ್‌ಗೆ ಮೇನ್ ಜೆಟ್ ಒಂದು ಮೆಟ್ಟಿಲು ದೊಡ್ಡದು ಹಾಕಿ, ಪ್ಲಗ್ ಬಣ್ಣ ನೋಡಿ ನಿರ್ಧರಿಸಿ.

ಮಿಕುನಿ ಕಾರ್ಬುರೇಟರ್‌ನಲ್ಲಿ ಯಾವ ಭಾಗ ಯಾವಾಗ ಕೆಲಸ ಮಾಡುತ್ತದೆ ಎಂದು ತಿಳಿದರೆ ಅಂದಾಜಿಗೆ ತಿರುಗಿಸುವುದು ನಿಲ್ಲುತ್ತದೆ. ಆಕ್ಸಿಲರೇಟರ್ ಎಂಟನೇ ಒಂದು ಭಾಗದ ತನಕ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ, ಕಾಲು ಭಾಗದ ತನಕ ಸ್ಲೈಡ್‌ನ ಕೆಳ ಅಂಚಿನ ಓರೆ ಕಟ್, ಕಾಲಿನಿಂದ ಮುಕ್ಕಾಲರ ತನಕ ಸೂಜಿ, ಅದರಿಂದಾಚೆ ಮೇನ್ ಜೆಟ್. ಸೂಜಿಯ ಕ್ಲಿಪ್ ಕೆಳಗಿನ ಗ್ರೂವ್‌ಗೆ ಇಳಿಸಿದರೆ ಸೂಜಿ ಮೇಲೇಳುತ್ತದೆ, ಪೆಟ್ರೋಲ್ ಹೆಚ್ಚು ಬರುತ್ತದೆ. ಏರ್ ಸ್ಕ್ರೂ ಒಳಗೆ ಬಿಗಿದರೆ ಮಿಶ್ರಣ ದಪ್ಪ, ಬಿಚ್ಚಿದರೆ ತೆಳು. ಮೆತ್ತಗೆ ಪೂರ್ತಿ ಬಿಗಿದು ಒಂದೂವರೆ ಸುತ್ತು ಹಿಂದಕ್ಕೆ ತಿರುಗಿಸಿ ಶುರು ಮಾಡಿ. ಜೆಟ್ ತೂತಿಗೆ ತಂತಿ, ಪಿನ್ನು ಹಾಕಿ ಚುಚ್ಚಬೇಡಿ, ಅಳತೆ ಕೆಡುತ್ತದೆ.

ಯಾವ ಪ್ಲಗ್?

ಕೈಪಿಡಿಯ ನಂಬರ್, ಗ್ಯಾಪ್ 0.6–0.7 ಮಿ.ಮೀ. ಆರ್‌ಎಕ್ಸ್‌ಗೆ ಬೇಕಾದ್ದು ಗಿಡ್ಡ ಥ್ರೆಡ್‌ನ, 12.7 ಮಿ.ಮೀ. ಪ್ಲಗ್. ಉದ್ದನೆಯದು ಹಾಕಿದರೆ ಪಿಸ್ಟನ್‌ಗೆ ತಾಗುತ್ತದೆ. ಎನ್‌ಜಿಕೆಯಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಪ್ಲಗ್ ತಂಪು, ಬಾಷ್‌ನಲ್ಲಿ ಉಲ್ಟಾ. ಅಂಗಡಿಯವರು ಬದಲಿ ಕೊಟ್ಟಾಗ ಎಡವುವುದು ಇಲ್ಲೇ.

ಪ್ಲಗ್‌ನಲ್ಲಿ ಕರೆಂಟ್ ಬರುತ್ತಿಲ್ಲ. ಸಿಡಿಐ ಹೋಗಿದೆಯಾ?

ಸಿಡಿಐ (ಪ್ಲಗ್‌ಗೆ ಕಿಡಿ ಕಳಿಸುವ ಎಲೆಕ್ಟ್ರಾನಿಕ್ ಡಬ್ಬಿ) ಕೊಳ್ಳುವ ಮೊದಲು ಕಪ್ಪಿನ ಮೇಲೆ ಬಿಳಿ ಗೆರೆಯಿರುವ ವೈರ್ ಹುಡುಕಿ ಕಳಚಿ. ಯಮಹಾದಲ್ಲಿ ಇಂಜಿನ್ ಆಫ್ ಮಾಡುವ ವೈರ್ ಅದೇ. ಕಳಚಿದ ಮೇಲೆ ಕರೆಂಟ್ ಬಂದರೆ ಕೀ ಸ್ವಿಚ್‌ನಲ್ಲೋ, ಎಲ್ಲೋ ಚಾಸಿಗೆ ಉಜ್ಜಿ ಸುಲಿದ ವೈರ್‌ನಲ್ಲೋ ದೋಷ. ಬರದಿದ್ದರೆ ಪ್ಲಗ್ ಕ್ಯಾಪ್ ತೆಗೆದು ವೈರ್ ತುದಿ ಒಂದು ಸೆಂ.ಮೀ. ಕತ್ತರಿಸಿ ನೋಡಿ, ನಂತರ ಚಾಸಿಗೆ ಅರ್ಥ್ ಆಗುವ ಜಾಗ ಕೆರೆದು ನೋಡಿ. ಕೊನೆಗೆ ಮ್ಯಾಗ್ನೆಟ್ ಕಾಯಿಲ್, ಆಮೇಲಷ್ಟೇ ಸಿಡಿಐ.

ಟ್ಯಾಂಕ್ ಒಳಗೆ ತುಕ್ಕು. ಕಲ್ಲು ಹಾಕಿ ಅಲ್ಲಾಡಿಸಲಾ?

ನಿಂಬೆ ಉಪ್ಪು ಸಾಕು. ಕಿರಾಣಿ ಅಂಗಡಿಯಲ್ಲಿ ಸಿಗುವುದೇ. ಕಾಕ್ ಬಿಚ್ಚಿ ಆ ಬಾಯಿಗೆ ರಬ್ಬರ್ ಸಮೇತ ತಗಡು ಬಿಗಿದು ಮುಚ್ಚಿ. ಮೊದಲು ಸೋಪು ನೀರಿನಲ್ಲಿ ತೊಳೆದು ಎಣ್ಣೆ ಜಿಡ್ಡು ತೆಗೆಯಿರಿ, ಜಿಡ್ಡಿದ್ದರೆ ಆಮ್ಲ ತುಕ್ಕಿಗೆ ತಾಗುವುದಿಲ್ಲ. ಹತ್ತು ಲೀಟರ್ ಬಿಸಿನೀರಿಗೆ ಮುಕ್ಕಾಲು ಕೆಜಿ ನಿಂಬೆ ಉಪ್ಪು ಕರಗಿಸಿ ಕತ್ತಿನ ತನಕ ತುಂಬಿ. ಸ್ವಲ್ಪ ಹೊತ್ತಿಗೆ ಸಣ್ಣ ಗುಳ್ಳೆಗಳು ಏಳುತ್ತವೆ. ನೀರು ಮೊದಲು ಹಳದಿ, ಆಮೇಲೆ ಹಸಿರು ಮಿಶ್ರಿತ ಕಂದು ಆಗುತ್ತದೆ. 12 ಗಂಟೆಗೊಮ್ಮೆ ಟಾರ್ಚ್ ಬಿಟ್ಟು ನೋಡಿ, ಲೋಹ ಮಾಸಲು ಬೂದು ಕಂಡ ಕೂಡಲೇ ಚೆಲ್ಲಿ. 24 ಗಂಟೆ ಮೀರಿ ಬಿಟ್ಟರೆ ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ. ಹೊರಗಿನ ಬಣ್ಣ ಉಳಿಸಿಕೊಳ್ಳಬೇಕಿದ್ದರೆ ಚೆಲ್ಲಿದ ಹನಿಯನ್ನು ಆಗಿಂದಾಗಲೇ ಒರೆಸಿ.

ತಕ್ಷಣ ಐದು ಲೀಟರ್ ನೀರಿಗೆ 100 ಗ್ರಾಂ ಅಡುಗೆ ಸೋಡಾ ಹಾಕಿ ಒಮ್ಮೆ, ಬರಿ ನೀರಲ್ಲಿ ಎರಡು ಸಲ ತೊಳೆಯಿರಿ. ಮಧ್ಯಾಹ್ನದ ಬಿಸಿಲಿಗೆ ಬಾಯಿ ಕೆಳಗೆ ಮಾಡಿ ಇಟ್ಟು, ಮೇಲಿಂದ ಹೇರ್ ಡ್ರೈಯರ್ ಗಾಳಿ ಬಿಡಿ. ಒಣಗಿದ್ದೇ ತಡ 200 ಮಿ.ಲೀ. ಪೆಟ್ರೋಲ್‌ಗೆ 50 ಮಿ.ಲೀ. ಟೂಟಿ ಎಣ್ಣೆ ಬೆರೆಸಿ ಒಳಗೆಲ್ಲ ಆಡಿಸಿ. ಬೋರ್‌ವೆಲ್ ನೀರಿನ ಗಡಸುತನಕ್ಕೆ ಬಿಳಿ ಪುಡಿ ಕೂರುತ್ತದೆ, ಕೊನೆಯ ತೊಳೆತಕ್ಕೆ ಫಿಲ್ಟರ್ ನೀರು ಬಳಸಿ. ಕಲ್ಲು, ನಟ್ಟು ಹಾಕಿ ಅಲ್ಲಾಡಿಸಿದರೆ ತೆಳುವಾದ ತಗಡು ತೂತು ಬೀಳುತ್ತದೆ.

ಪೆಟ್ರೋಲ್ ಇದ್ದ ಟ್ಯಾಂಕ್‌ಗೆ ವೆಲ್ಡಿಂಗ್ ಬೇಕಿದ್ದರೆ ಮನೆಯಲ್ಲಿ ಪ್ರಯತ್ನಿಸಲೇಬೇಡಿ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುವುದು.

ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸಬಹುದಾ?

ಮಾಡಿಸಬಹುದು, ಆದರೆ ಕೊಡುವ ಮೊದಲು ನೀವೇ ಮಾಸ್ಕಿಂಗ್ ಮಾಡಿ. ಚಾಸಿ ನಂಬರ್ ಮೇಲೆ ದಪ್ಪ ಕೋಟಿಂಗ್ ಕೂತರೆ ಅಕ್ಷರ ಮುಚ್ಚಿ ಆರ್‌ಟಿಒ ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ. ಹ್ಯಾಂಡಲ್ ಬೇರಿಂಗ್ ಬಟ್ಟಲು ಕೂರುವ ಜಾಗ, ಇಂಜಿನ್ ಬೋಲ್ಟ್ ತೂತುಗಳು, ಅರ್ಥ್ ವೈರ್ ಜಾಗ ಖಾಲಿ ಉಳಿಯಬೇಕು. ಟ್ಯಾಂಕಿಗೆ ಎರಡು ಭಾಗ ಬೆರೆಸುವ ಪಿಯು ಬಣ್ಣ ಹೊಡೆಯುವವರು ಬಟ್ಟೆ ಮಾಸ್ಕ್ ನಂಬಬೇಡಿ, ಆ ಆವಿ ಶ್ವಾಸಕೋಶಕ್ಕೆ ವಿಷ. ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಬೇಸಿಗೆಯ ಗಾಳಿಧೂಳಿಗೆ ಅಂಗಳದಲ್ಲಿ ಬಣ್ಣ ನಿಲ್ಲುವುದಿಲ್ಲ, ಬೆಳಗಿನ ಜಾವ ನೀರು ಚಿಮುಕಿಸಿದ ಶೆಡ್‌ನಲ್ಲಿ ಹೊಡೆಯಿರಿ.

ಡ್ರಮ್ ಬ್ರೇಕ್ ಹಿಡಿಯುವುದೇ ಇಲ್ಲ. ಡಿಸ್ಕ್ ಹಾಕಲೇಬೇಕಾ?

ಮೊದಲು ಡ್ರಮ್ ಅನ್ನು ಸರಿ ಮಾಡಿ. ಬ್ರೇಕ್ ಪೂರ್ತಿ ಹಿಡಿದಾಗ ಹಬ್ ಮೇಲಿನ ಸಣ್ಣ ಲಿವರ್ ಮತ್ತು ಕೇಬಲ್ ನಡುವೆ 90 ಡಿಗ್ರಿಗೆ ಹತ್ತಿರ ಕೋನ ಇರಬೇಕು. ಸವೆದ ಶೂ ಇಟ್ಟುಕೊಂಡು ಲಿವರ್ ಒಂದು ಹಲ್ಲು ಮುಂದೆ ಹಾಕಿದರೆ ಆ ಕೋನ ದಾಟಿ ಬಲ ಸೋರಿಹೋಗುತ್ತದೆ. ಕ್ಯಾಮ್ ಬಿಚ್ಚಿ ತುಕ್ಕು ಒರೆಸಿ, ಬೆರಳ ತುದಿಯಷ್ಟೇ ಗ್ರೀಸ್ ಹಚ್ಚಿ. ಹೊಸ ಶೂ ಹಾಕಿದ ಮೇಲೆ ಡ್ರಮ್ಮಿಗೆ ಅದರ ಮೈ ಪೂರ್ತಿ ತಾಗಲು 100–150 ಕಿ.ಮೀ. ಬೇಕು. ಡ್ರಮ್ ಅಂಡಾಕಾರವಾಗಿದ್ದರೆ ಚಕ್ರ ಸಮೇತ ಲೇತ್‌ಗೆ ಹಾಕಿಸಿ.

ಎಕ್ಸ್‌ಪಾನ್ಶನ್ ಚೇಂಬರ್ (ರೇಸ್ ಸೈಲೆನ್ಸರ್), ಪೋರ್ಟಿಂಗ್ (ಪೋರ್ಟ್ ಕೊರೆದು ದೊಡ್ಡದು ಮಾಡುವುದು), ದೊಡ್ಡ ಬ್ಲಾಕ್: ಯಾವುದು ಮಾಡಬಹುದು?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 135ರ ಬ್ಲಾಕ್ ಕೂರಿಸಿದರೆ ಆರ್‌ಸಿಯಲ್ಲಿ 98 ಸಿಸಿ, ಗಾಡಿಯಲ್ಲಿ 132 ಸಿಸಿ. ಅಪಘಾತವಾದರೆ ವಿಮೆಯವರು ಮೊದಲು ಹಿಡಿಯುವುದೇ ಇದನ್ನು. ಆದ್ದರಿಂದ ರಸ್ತೆಯಲ್ಲಿ ಓಡುವ ಗಾಡಿಗೆ ನಾವು ಹೇಳುವುದು ಇಷ್ಟು: ಒಳ್ಳೇ ಟೈರ್, ಸರಿಯಾದ ರೀಡ್, ಬಿಗಿ ಇಂಜಿನ್, ಮಸಿ ತೆಗೆದ ಮೂಲ ಸೈಲೆನ್ಸರ್. ರೀಡ್ ಎಲೆಗಳನ್ನು ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಬೆಳಕು ಸೋರಬಾರದು, ತುದಿ ಸೀಳಿರಬಾರದು. ಈ ನಾಲ್ಕರಿಂದ ಮರಳಿ ಬರುವ ಪಿಕಪ್ ನೋಡಿದ ಮೇಲೆ ಬಹಳ ಜನ ಉಳಿದದ್ದನ್ನು ಕೇಳುವುದೇ ಇಲ್ಲ.

ರಸ್ತೆಗೆ ಇಳಿಯದ, ಟ್ರ್ಯಾಕ್‌ಗೆ ಮಾತ್ರ ಇರುವ ಗಾಡಿಯಾದರೆ ಲೆಕ್ಕ ಬೇರೆ. ಅಲ್ಲೂ ಚೇಂಬರ್ ಮೊದಲು, ಪೋರ್ಟ್ ಕೊನೆಗೆ. ಚೇಂಬರ್ ಹಾಕಿದರೆ ಜೆಟ್ ದೊಡ್ಡದು ಮಾಡಲೇಬೇಕು, ಇಲ್ಲದಿದ್ದರೆ ಪಿಸ್ಟನ್ ಬಾಣದ ಕಡೆಯೇ ಸುಡುತ್ತದೆ. ಎಕ್ಸಾಸ್ಟ್ ಪೋರ್ಟ್ ಒಂದು ಮಿ.ಮೀ. ಎತ್ತರಿಸಿದರೆ ಮೇಲಿನ ಆರ್‌ಪಿಎಂನಲ್ಲಿ ಬಲ ಬರುತ್ತದೆ, ಕೆಳಗಿನದು ಹೋಗುತ್ತದೆ. ಅಗಲ ಹೆಚ್ಚಿಸಿದರೆ ರಿಂಗ್ ಒಳಗೆ ಉಬ್ಬಿ ಮುರಿಯುತ್ತದೆ. ತೆಗೆದ ಲೋಹವನ್ನು ತಿರುಗಿ ಹಾಕಲಾಗದು, ಮೂಲ ಬ್ಲಾಕ್‌ಗಳು ದಿನೇ ದಿನೇ ಕಮ್ಮಿಯಾಗುತ್ತಿವೆ. ಕಲಿಯಲು ಸವೆದು ಹೋದ ಗುಜರಿ ಬ್ಲಾಕ್ ಬಳಸಿ.

ಆರ್‌ಡಿ 350ರಲ್ಲಿ ಬೇರೆ ಏನು ಗಮನಿಸಬೇಕು?

ಅದರದು ಪ್ಲಾಟಿನಂ ಪಾಯಿಂಟ್, ಬ್ಯಾಟರಿ ಇಗ್ನಿಷನ್. ಬ್ಯಾಟರಿ ಸತ್ತರೆ ಇಂಜಿನ್ ಏಳುವುದಿಲ್ಲ. ಎರಡು ಸಿಲಿಂಡರ್‌ಗೆ ಎರಡು ಪಾಯಿಂಟ್, ಗ್ಯಾಪ್ 0.3–0.4 ಮಿ.ಮೀ. ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಇಟ್ಟು ಎರಡೂ ಕಡೆ ಬೇರೆ ಬೇರೆಯಾಗಿ ನೋಡಬೇಕು. ಒಂದರ ಟೈಮಿಂಗ್ ಹಿಡಿದು ಇನ್ನೊಂದನ್ನು ಊಹಿಸಿದರೆ ಒಂದು ಪಿಸ್ಟನ್ ಬೇಗ ತೂತು ಬೀಳುತ್ತದೆ.

ಕಾರ್ಬುರೇಟರ್ ಎರಡೂ ಒಟ್ಟಿಗೆ ಏಳುತ್ತಿವೆಯಾ ಎಂದು ನೋಡಲು ಒಂದೇ ಅಳತೆಯ ಎರಡು ಡ್ರಿಲ್ ಬಿಟ್‌ಗಳ ಹಿಂಬದಿಯನ್ನು ಸ್ಲೈಡ್ ಕೆಳಗಿಡಿ. ಆಕ್ಸಿಲರೇಟರ್ ನಿಧಾನಕ್ಕೆ ಎತ್ತಿದಾಗ ಎರಡೂ ಒಂದೇ ಕ್ಷಣಕ್ಕೆ ಬೀಳಬೇಕು. ಕ್ರ್ಯಾಂಕ್ ನಡುವಿನ ಸೀಲ್ ಹೋದರೆ ಒಂದು ಸಿಲಿಂಡರ್ ಇನ್ನೊಂದರಿಂದ ಗಾಳಿ ಎಳೆಯುತ್ತದೆ. ಅದಕ್ಕೆ ಕ್ರ್ಯಾಂಕ್ ಪೂರ್ತಿ ಬಿಚ್ಚಿ ಪ್ರೆಸ್‌ನಲ್ಲಿ ಕೂರಿಸಬೇಕು, ಅದು ಮನೆಯ ಕೆಲಸವಲ್ಲ. ಭಾರತದ ಮಾದರಿಗೆ ಮುಂದೂ ಡ್ರಮ್ಮೇ. ಬಲ ನೋಡಿದರೆ ಆ ಬ್ರೇಕ್ ಸಾಲದು, ಅದಕ್ಕೇ ಮೊದಲು ಶೂ, ಕೇಬಲ್‌ಗೆ ದುಡ್ಡು ಹಾಕಿ.

ಬೋರ್ ಆದ ಮೇಲೆ ಹೇಗೆ ಓಡಿಸಬೇಕು?

ಮೊದಲ ಸಲ ಸ್ಟಾರ್ಟ್ ಆದಾಗ ಎರಡು ಮೂರು ನಿಮಿಷ ಓಡಿಸಿ ಆಫ್ ಮಾಡಿ, ಕೈಗೆ ತಣ್ಣಗೆ ಆಗುವ ತನಕ ಬಿಡಿ. ಹೀಗೆ ಮೂರು ಸಲ. ನಂತರ ತಣ್ಣಗಿರುವಾಗಲೇ ಹೆಡ್ ನಟ್ಟುಗಳನ್ನು ಎದುರುಬದುರಾಗಿ ಮತ್ತೊಮ್ಮೆ ಬಿಗಿಯಿರಿ. ಮೊದಲ ಟ್ಯಾಂಕ್‌ಗೆ ಪಂಪ್ ಇದ್ದರೂ ಲೀಟರ್‌ಗೆ 20 ಮಿ.ಲೀ. ಹೆಚ್ಚುವರಿ ಎಣ್ಣೆ.

500 ಕಿ.ಮೀ. ತನಕ ಆಕ್ಸಿಲರೇಟರ್ ಅರ್ಧ ದಾಟಬೇಡಿ, ಒಂದೇ ವೇಗದಲ್ಲಿ ಬಹಳ ಹೊತ್ತು ಇರಬೇಡಿ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಒಂದೇ ಸಮನೆ ಹೋಗುವುದು ಹೊಸ ಬೋರ್‌ಗೆ ಕೆಟ್ಟ ದಾರಿ. ಚನ್ನಗಿರಿ ಕಡೆ, ಜಗಳೂರು ಕಡೆ ಊರುಗಳು ಬರುತ್ತವೆ, ವೇಗ ತಾನೇ ಏರಿಳಿಯುತ್ತದೆ, ನಡುನಡುವೆ ನಿಲ್ಲಿಸಲೂ ನೆಪ ಸಿಗುತ್ತದೆ. ಏಪ್ರಿಲ್, ಮೇನಲ್ಲಿ ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ಜೋಗಿಮಟ್ಟಿಯಂಥ ಏರಿನಿಂದ ಇಳಿಯುವಾಗ ಗೇರ್‌ನಲ್ಲೇ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಇಳಿಯಬೇಡಿ. ಪಿಸ್ಟನ್ ಓಡುತ್ತಿರುತ್ತದೆ, ಸಾಕಷ್ಟು ಎಣ್ಣೆ ಬರುವುದಿಲ್ಲ. ನಡುನಡುವೆ ಕ್ಲಚ್ ಹಿಡಿದು ಒಮ್ಮೆ ಆಕ್ಸಿಲರೇಟರ್ ಎತ್ತಿ ಬಿಡಿ.

ಕ್ಲಚ್ ಜಾರುತ್ತಿದೆ. ಹೊಸ ಪ್ಲೇಟ್ ಹಾಕಿ ತಿಂಗಳಾಗಿಲ್ಲ.

ಗೇರ್‌ಬಾಕ್ಸ್‌ಗೆ ಕಾರಿನ ಆಯಿಲ್ ಹಾಕಿದ್ದೀರಿ. ಅದರಲ್ಲಿರುವ ಜಾರಿಕೆಯ ರಾಸಾಯನಿಕ ಪ್ಲೇಟ್‌ನ ಕಾರ್ಕಿಗೆ ಇಳಿದಿದೆ. ಜಾಸೊ ಎಂಎ ಎಂದು ಬರೆದ ಬೈಕ್ ಆಯಿಲ್ 10ಡಬ್ಲ್ಯು-30, ಸುಮಾರು 650 ಮಿ.ಲೀ. ಹಾಕಿ 200 ಕಿ.ಮೀ. ಓಡಿಸಿ ಚೆಲ್ಲಿ, ಮತ್ತೆ ಹೊಸದು ಹಾಕಿ. ಆಗಲೂ ಜಾರಿದರೆ ಕ್ಲಚ್ ಸ್ಪ್ರಿಂಗ್‌ಗಳನ್ನು ಹೊಸದರ ಪಕ್ಕ ನಿಲ್ಲಿಸಿ ಎತ್ತರ ನೋಡಿ. ಒಂದು ಮಿ.ಮೀ. ಗಿಡ್ಡವಾಗಿದ್ದರೂ ನಾಲ್ಕನ್ನೂ ಒಟ್ಟಿಗೆ ಬದಲಿಸಿ.